ನೋಡಿದವರ ಮಾತು: ಅಪಸ್ಮಾರದ ಅಧ್ಯಯನದಲ್ಲಿ ನಾಲ್ಕು ಶಾಸ್ತ್ರಗಳನ್ನು ಜೊತೆಯಾಗಿ ಬಳಸಿದ ನನ್ನ ಅನುಭವ

ಮೂರ್ಛೆ ಬಂದು ಬಿದ್ದವರಿಗೆ ತಮಗೇನಾಯಿತು ಎಂಬುದು ಬಹುಪಾಲು ಸಂದರ್ಭಗಳಲ್ಲಿ ನೆನಪಿರುವುದಿಲ್ಲ. ಕೈಕಾಲು ಸೆಟೆದದ್ದು, ಬಾಯಲ್ಲಿ ನೊರೆ ಕಂಡದ್ದು, ಎಚ್ಚರವಾದ ಮೇಲೂ ಕೆಲಹೊತ್ತು ಮಾತು ತೊದಲಿದ್ದು, ಇವನ್ನೆಲ್ಲ ಹೇಳಬಲ್ಲವರು ಪಕ್ಕದಲ್ಲಿದ್ದವರು, ಹೆಚ್ಚಾಗಿ ಮನೆಯವರು. ಅಪಸ್ಮಾರದ, ಅಂದರೆ ಮೂರ್ಛೆರೋಗದ, ಪ್ರಾಚೀನ ದಾಖಲೆಗಳಿಂದ ಇಂದಿನ ಕುಟುಂಬಗಳ ಅನುಭವದವರೆಗೆ ಒಂದೇ ಅಧ್ಯಯನವನ್ನು ನಡೆಸಲು ತೊಡಗಿದಾಗ, ಪ್ರಾಚೀನ ಇತಿಹಾಸ, ಮನೋವಿಜ್ಞಾನ, ನರವಿಜ್ಞಾನ ಮತ್ತು ಕುಟುಂಬದ ಆರೋಗ್ಯ ಎಂಬ ನಾಲ್ಕು ಕ್ಷೇತ್ರಗಳಿಗೂ ಸಮಾನವಾದ ಆಕರವೆಂದು ನನಗೆ ತೋರಿದ್ದು ನೋಡಿದವರ ಈ ಹೇಳಿಕೆಯೇ. ಆ ಹೇಳಿಕೆಯನ್ನು ಪ್ರತಿಯೊಂದು ಶಾಸ್ತ್ರವೂ ತನ್ನದೇ ನಿಯಮಗಳಿಂದ ಪರೀಕ್ಷಿಸುತ್ತದೆ. ಒಂದರ ನಿಯಮವನ್ನು ಇನ್ನೊಂದರ ಮೇಲೆ ಹೇರದೆ ಕೆಲಸ ಮಾಡಿದ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಇತಿಹಾಸದ ಭಾಗವನ್ನು ಬ್ಯಾಬಿಲೋನಿಯಾದ ‘ಸಕಿಕ್ಕು’ ಎಂಬ ರೋಗನಿದಾನ ಗ್ರಂಥದಿಂದ ಆರಂಭಿಸಿದೆ. ಇದು 40 ಜೇಡಿಮಣ್ಣಿನ ಫಲಕಗಳ ಕೃತಿ; ಕ್ರಿ.ಪೂ. 11ನೆಯ ಶತಮಾನದ ವಿದ್ವಾಂಸ ಎಸಗಿಲ್-ಕಿನ್-ಅಪ್ಲಿ ಅದನ್ನು ಕ್ರಮಗೊಳಿಸಿದನೆಂಬುದು ಪರಂಪರೆ. ಬೀಳುವ ರೋಗಕ್ಕೆ ಮೀಸಲಾದ ಅದರ ಫಲಕವೊಂದನ್ನು ಕಿನ್ನಿಯರ್ ವಿಲ್ಸನ್ ಮತ್ತು ರೆನಾಲ್ಡ್ಸ್ 1990ರಲ್ಲಿ ಅನುವಾದಿಸಿ ಪ್ರಕಟಿಸಿದರು. ಇವರಲ್ಲಿ ಮೊದಲನೆಯವರು ಪ್ರಾಚೀನ ಮೆಸೊಪೊಟೇಮಿಯದ ಭಾಷಾವಿದ್ವಾಂಸರು, ಎರಡನೆಯವರು ನರರೋಗ ವೈದ್ಯರು. ಬೆಣೆಲಿಪಿಯನ್ನು ನಾನೇ ಓದಲಾರೆನಾದ್ದರಿಂದ ಇಂಥ ಜೋಡಿಯ ಕೆಲಸ ನನಗೆ ಆಕರವೂ ಆಯಿತು, ಮಾದರಿಯೂ ಆಯಿತು. ಆದರೂ ವೈದ್ಯಕೀಯ ಅರ್ಥ ಹೊಮ್ಮುವ ಪ್ರತಿಯೊಂದು ಸಾಲನ್ನೂ ಆ ಭಾಷೆ ಬಲ್ಲವರ ಬಳಿ ತೆಗೆದುಕೊಂಡು ಹೋಗಿ, ಮೂಲದಲ್ಲಿ ಫಲಕ ಒಡೆದಿರುವ ಜಾಗ ಯಾವುದು, ಅನುವಾದಕರು ಊಹಿಸಿ ತುಂಬಿದ್ದು ಯಾವುದು ಎಂದು ಕೇಳಿ ಗುರುತು ಮಾಡಿಕೊಳ್ಳದೆ ಟಿಪ್ಪಣಿಗೆ ಸೇರಿಸಲಿಲ್ಲ.

ಟಿಪ್ಪಣಿ ಪುಸ್ತಕದ ಪ್ರತಿ ಪುಟವನ್ನೂ ಎರಡು ಅಂಕಣಗಳಾಗಿ ಸೀಳಿದ್ದೆ: ಎಡಕ್ಕೆ ಕಂಡದ್ದು, ಬಲಕ್ಕೆ ಅದಕ್ಕೆ ಕೊಟ್ಟ ಕಾರಣ. ಸಕಿಕ್ಕುವಿನ ಬಲ ಅಂಕಣ ತುಂಬ ದೆವ್ವಗಳೂ ಪಿಶಾಚಿಗಳೂ ಇವೆ. ಎಡ ಅಂಕಣವನ್ನು ಮಾತ್ರ ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ರೋಗಿ ಕುಳಿತಿರುವಾಗ ಎಡಗಣ್ಣು ಪಕ್ಕಕ್ಕೆ ಸರಿಯುವುದು, ತುಟಿ ಸುಕ್ಕುಗಟ್ಟುವುದು, ಜೊಲ್ಲು ಸುರಿಯುವುದು, ದೇಹದ ಎಡಭಾಗದ ಕೈ, ಕಾಲು, ಮುಂಡ ಅದುರುವುದು ಎಂದು ಅದು ಒಂದರ ಹಿಂದೆ ಒಂದಾಗಿ ದಾಖಲಿಸುತ್ತದೆ. ಆ ಹೊತ್ತಿನಲ್ಲಿ ರೋಗಿಗೆ ಅರಿವಿದ್ದರೆ ಪಿಶಾಚಿಯನ್ನು ಓಡಿಸಬಹುದು, ಅರಿವಿಲ್ಲದಿದ್ದರೆ ಆಗದು ಎಂದೂ ಹೇಳುತ್ತದೆ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2017ರಲ್ಲಿ ಮಾಡಿದ ವರ್ಗೀಕರಣದಲ್ಲಿಯೂ ಮಿದುಳಿನ ಒಂದು ಭಾಗದಲ್ಲಿ ಹುಟ್ಟುವ ಸೆಳವುಗಳನ್ನು ಅರಿವು ಉಳಿದಿರುವವು, ಅರಿವು ಕುಂದಿದವು ಎಂದು ವಿಂಗಡಿಸಲಾಗಿದೆ. ಹಾಗೆಂದು ಬ್ಯಾಬಿಲೋನಿಯದವರಿಗೆ ಇಂದಿನ ವಿಜ್ಞಾನ ತಿಳಿದಿತ್ತೆಂದು ನಾನು ಬರೆಯುವುದಿಲ್ಲ. ಕಾರಣ ತಿಳಿಯದಿದ್ದರೂ ಗಮನಿಸಬೇಕಾದದ್ದನ್ನು ಗಮನಿಸಿದ್ದರು ಎಂದಷ್ಟೇ ಹೇಳಬಲ್ಲೆ.

ಸುಮಾರು ಕ್ರಿ.ಪೂ. 400ರ ಗ್ರೀಕ್ ಕೃತಿ ‘ಪವಿತ್ರ ರೋಗವನ್ನು ಕುರಿತು’ ನನ್ನ ಅಧ್ಯಯನದಲ್ಲಿ ಅತಿ ಹೆಚ್ಚು ಕಾಲ ತೆಗೆದುಕೊಂಡಿತು. ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥರಾಶಿಯ ಭಾಗವಿದು. ಈ ರೋಗ ಉಳಿದವುಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಇದರ ನೆಲೆ ಮಿದುಳು, ಇದು ವಂಶದಲ್ಲಿ ಹರಿದುಬರುವಂಥದು ಎಂಬ ವಾದಕ್ಕಾಗಿ ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಕಫವು ನಾಳಗಳನ್ನು ಕಟ್ಟುವುದರಿಂದ ಸೆಳವು ಬರುತ್ತದೆ ಎಂಬ ಅದೇ ಕೃತಿಯ ವಿವರಣೆಯನ್ನು ಉಲ್ಲೇಖಿಸುವವರು ಕಡಿಮೆ. ಗೆದ್ದ ವಾದವನ್ನಷ್ಟೇ ಹೆಕ್ಕಿಕೊಳ್ಳುವ ಈ ರೂಢಿ ನನಗೆ ಒಗ್ಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಭಾಗಗಳು. ಲೇಖಕನು ತಾನು ಖಂಡಿಸುವ ಮಾಂತ್ರಿಕರ ನಂಬಿಕೆಗಳನ್ನು ವಿವರಿಸುತ್ತ, ರೋಗಿ ಮೇಕೆಯಂತೆ ಕೂಗಿದರೆ ಅಥವಾ ಅವನ ಬಲಭಾಗ ಸೆಳೆದರೆ ದೇವಮಾತೆ ಕಾರಣ, ಕುದುರೆಯಂತೆ ಕೀರಲು ದನಿ ತೆಗೆದರೆ ಸಮುದ್ರದೇವ ಪೊಸೈಡನ್ ಕಾರಣ, ನೊರೆ ಕಾರಿ ಕಾಲು ಝಾಡಿಸಿದರೆ ಯುದ್ಧದೇವ ಆರೀಸ್ ಕಾರಣ ಎಂದು ಅವರು ಹೇಳುವುದನ್ನು ಪಟ್ಟಿ ಮಾಡುತ್ತಾನೆ. ಅಂದರೆ ಆ ಮಾಂತ್ರಿಕರೂ ಸೆಳವಿನ ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದರು. ಎಡ ಅಂಕಣದಲ್ಲಿ ಅವರಿಗೂ ಜಾಗ ಕೊಡಬೇಕಾಯಿತು. ಇನ್ನೊಂದು ಭಾಗದಲ್ಲಿ, ಸೆಳವು ಬರಲಿದೆಯೆಂದು ಮುಂಚೆಯೇ ತಿಳಿಯುವ ವಯಸ್ಕರು ಮನೆಗೋ ಜನರಿಲ್ಲದ ಕಡೆಗೋ ಓಡಿ ಮುಸುಕು ಹಾಕಿಕೊಳ್ಳುತ್ತಾರೆ, ಅದು ನಾಚಿಕೆಯಿಂದ. ಚಿಕ್ಕ ಮಕ್ಕಳು ತಾಯಿಯ ಬಳಿಗೋ ತಮಗೆ ಚೆನ್ನಾಗಿ ಗೊತ್ತಿರುವವರ ಬಳಿಗೋ ಓಡುತ್ತಾರೆ, ಅದು ಭಯದಿಂದ. ನಾಚಿಕೆಯೆಂದರೇನೆಂದು ಅವರಿಗಿನ್ನೂ ತಿಳಿಯದು ಎನ್ನುತ್ತಾನೆ. ಮನೋವಿಜ್ಞಾನದ ಭಾಗಕ್ಕೆ ನಾನು ಹಾಕಿಕೊಂಡಿದ್ದ ಪ್ರಶ್ನೆಗಳೆಲ್ಲ ಈ ಕೆಲವೇ ವಾಕ್ಯಗಳಲ್ಲಿದ್ದವು.

ಚರಕಸಂಹಿತೆಯ ನಿದಾನಸ್ಥಾನದ ಅಪಸ್ಮಾರ ಪ್ರಕರಣ ನನ್ನ ಮೂಲ ಊಹೆಗೆ ಒಂದು ತಿದ್ದುಪಡಿ ತಂದಿತು. ಸ್ಮೃತಿ, ಬುದ್ಧಿ, ಸತ್ತ್ವ (ಮನಸ್ಸು) ಇವು ಕಲಕಿ, ವಿಕಾರ ಚೇಷ್ಟೆಗಳೊಡನೆ ಆಗಾಗ ಕತ್ತಲೆಯನ್ನು ಹೊಕ್ಕಂತಾಗುವುದು ಎಂಬ ಅದರ ಲಕ್ಷಣ ಹೊರಗಿನಿಂದ ನೋಡಿದ್ದೂ ಹೌದು, ಒಳಗಿನಿಂದ ತಿಳಿದದ್ದೂ ಹೌದು. ಪೂರ್ವರೂಪಗಳ, ಅಂದರೆ ರೋಗದ ಮುನ್ಸೂಚನೆಗಳ, ಪಟ್ಟಿಯಲ್ಲಿ ಹುಬ್ಬು ಗಂಟಿಕ್ಕುವುದು, ಕಣ್ಣಿನ ವಿಕಾರ ಇವುಗಳ ಜೊತೆಗೇ ಇಲ್ಲದ ಶಬ್ದ ಕೇಳಿಸುವುದೂ ಇದೆ. ಇಲ್ಲದ ಶಬ್ದವನ್ನು ಪಕ್ಕದಲ್ಲಿದ್ದವರು ಹೇಳಲಾರರು; ಯಾರೋ ರೋಗಿಯನ್ನೇ ಕೇಳಿದ್ದರು. ಆ ನಂತರ ನನ್ನ ಪುಟಗಳಲ್ಲಿ ಎಡ ಅಂಕಣವೇ ಎರಡಾಯಿತು: ನೋಡಿದವರು ಕಂಡದ್ದಕ್ಕೊಂದು, ರೋಗಿಯೇ ಹೇಳಿದ್ದಕ್ಕೊಂದು.

ಪ್ರಾಚೀನ ವ್ಯಕ್ತಿಗಳಿಗೆ ಈಗ ಕುಳಿತು ರೋಗನಿದಾನ ಮಾಡುವ ಆಟಕ್ಕೆ ನಾನು ಇಳಿಯಲಿಲ್ಲ. ಜೂಲಿಯಸ್ ಸೀಸರನಿಗೆ ಬೀಳುವ ರೋಗವಿತ್ತೆಂದು ಪ್ರಾಚೀನ ಜೀವನಚರಿತ್ರೆಕಾರರಾದ ಪ್ಲುಟಾರ್ಕ್ ಮತ್ತು ಸ್ಯುಟೋನಿಯಸ್ ಬರೆದಿದ್ದಾರೆ. ಅದು ಅಪಸ್ಮಾರವಲ್ಲ, ಸಣ್ಣ ಪಾರ್ಶ್ವವಾಯುಗಳಿರಬಹುದೆಂದು 2015ರಲ್ಲಿ ಇಬ್ಬರು ಸಂಶೋಧಕರು ವಾದಿಸಿದರು. ಪ್ಲುಟಾರ್ಕ್, ಸ್ಯುಟೋನಿಯಸ್ ಇಬ್ಬರೂ ಸೀಸರ್ ಸತ್ತು ಎಷ್ಟೋ ದಶಕಗಳ ಮೇಲೆ ಬರೆದವರು. ಅವನು ಬಿದ್ದದ್ದನ್ನು ಕಣ್ಣಾರೆ ಕಂಡವರಲ್ಲ. ಆದ್ದರಿಂದ ನನ್ನ ಅಧ್ಯಯನಕ್ಕೆ ಸೀಸರ್ ಬೇಕಾಗಲಿಲ್ಲ.

ನರವಿಜ್ಞಾನದ ಭಾಗವನ್ನು ಚಿಕ್ಕದಾಗಿಯೇ ಇಟ್ಟುಕೊಂಡೆ. ಸೆಳವೆಂದರೆ ಮಿದುಳಿನ ಬೂದು ದ್ರವ್ಯದಲ್ಲಿ ಹಠಾತ್ತನೆ ಆಗುವ ಮಿತಿಮೀರಿದ ವಿಸರ್ಜನೆ ಎಂದು ಬ್ರಿಟಿಷ್ ನರರೋಗ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲಿ ಹೇಳಿದಾಗ ಅದನ್ನು ತೋರಿಸುವ ಉಪಕರಣವಿರಲಿಲ್ಲ. ಅವನೂ ಸೆಳವು ಹೆಬ್ಬೆರಳಿನಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಹರಡುವ ಕ್ರಮವನ್ನು ಗಮನಿಸಿಯೇ ಅಲ್ಲಿಗೆ ಮುಟ್ಟಿದವನು. ಜರ್ಮನ್ ಮನೋವೈದ್ಯ ಹನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದ. ಮಕ್ಕಳು ಕೆಲವು ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತುಬಿಡುವ ಬಗೆಯ ಸೆಳವಿನಲ್ಲಿ ಸೆಕೆಂಡಿಗೆ ಸುಮಾರು 3ರಂತೆ ಬರುವ ಮೊನೆ-ಅಲೆಗಳನ್ನು ಗಿಬ್ಸ್, ಡೇವಿಸ್, ಲೆನಾಕ್ಸ್ 1935ರಲ್ಲಿ ವರದಿ ಮಾಡಿದರು. ಇಷ್ಟಾದರೂ ಸೆಳವು ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಸರಿಯಾಗಿದೆ ಎಂದಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಹೀಗಾಗಿ ವೈದ್ಯರು ಇಂದಿಗೂ ನೋಡಿದವರನ್ನೇ ಕೇಳುತ್ತಾರೆ.

ಆದರೆ ಕೇಳುವ ರೀತಿಯೇ ಉತ್ತರವನ್ನು ತಿರುಚಬಲ್ಲದು. ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ ವೇಗವನ್ನು ಅಂದಾಜಿಸಲು ಹೇಳಿದಾಗ, ಪ್ರಶ್ನೆಯಲ್ಲಿ ಕಾರುಗಳು ಅಪ್ಪಳಿಸಿದವು ಎಂಬ ಬಿರುಸಾದ ಪದವಿದ್ದರೆ ಜನ ಹೆಚ್ಚಿನ ವೇಗವನ್ನು ಹೇಳಿದರು. ಒಂದು ವಾರದ ನಂತರ ಅವರಲ್ಲಿ ಹೆಚ್ಚು ಮಂದಿ ಚಿತ್ರದಲ್ಲಿಲ್ಲದ ಒಡೆದ ಗಾಜನ್ನೂ ನೆನಪಿಸಿಕೊಂಡರು. ಇದನ್ನು ಮುಂದಿಟ್ಟುಕೊಂಡೇ ಕುಟುಂಬಗಳ ಸಂದರ್ಶನವನ್ನು ರೂಪಿಸಿದೆ. ಮೊದಲು, ‘ಅವತ್ತು ನೀವು ನೋಡಿದ್ದನ್ನು ಮೊದಲಿನಿಂದ ಹೇಳಿ’ ಎಂದಷ್ಟೇ ಕೇಳಿ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಿದ್ದೆ. ಅದು ಮುಗಿದ ಮೇಲಷ್ಟೇ ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ತಲೆ ಯಾವ ಕಡೆಗೆ ತಿರುಗಿತು ಎಂಬ ಪ್ರಶ್ನೆಗಳಿಗೆ ಬರುತ್ತಿದ್ದೆ. ಕಣ್ಣಿನ ಪ್ರಶ್ನೆ ಸಣ್ಣದಲ್ಲ: ಅಪಸ್ಮಾರದ ಸೆಳವಿನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಮಾನಸಿಕ ಒತ್ತಡದಿಂದ ಬರುವ ಅದೇ ರೀತಿಯ ಪ್ರಸಂಗಗಳಲ್ಲಿ ಹೆಚ್ಚಾಗಿ ಮುಚ್ಚಿರುತ್ತದೆ. ಎಷ್ಟು ಹೊತ್ತು ನಡೆಯಿತು ಎಂಬುದಕ್ಕೆ ಬಂದ ಉತ್ತರವನ್ನು ಅಳತೆಯೆಂದು ಪರಿಗಣಿಸಲಿಲ್ಲ. ಬಹುಪಾಲು ದೊಡ್ಡ ಸೆಳವುಗಳು ಎರಡು ಮೂರು ನಿಮಿಷಗಳೊಳಗೆ ನಿಲ್ಲುತ್ತವೆ. ನೋಡುತ್ತ ನಿಂತ ತಂದೆತಾಯಿಗೆ ಅದು ಮುಗಿಯದ ಹೊತ್ತು. ಅವರು ಹೇಳಿದ ಅರ್ಧಗಂಟೆಯನ್ನು ಭಯದ ದಾಖಲೆಯಾಗಿ ಬೇರೆ ಕಡೆ ಬರೆದುಕೊಂಡೆ.

ನಾಚಿಕೆಯ ವಿಷಯಕ್ಕೆ ಸಂಶೋಧಕರಾದ ಸ್ಕ್ಯಾಂಬ್ಲರ್ ಮತ್ತು ಹಾಪ್ಕಿನ್ಸ್ 1986ರಲ್ಲಿ ಮಾಡಿದ ವಿಂಗಡಣೆಯನ್ನು ಬಳಸಿದೆ. ಜನ ನಿಜವಾಗಿ ತೋರುವ ತಾರತಮ್ಯ ಒಂದು, ತೋರಿಯಾರೆಂಬ ಅಂಜಿಕೆ ಇನ್ನೊಂದು. ಎರಡನೆಯದೇ ಬದುಕನ್ನು ಹೆಚ್ಚು ಕದಡುತ್ತದೆ ಎಂಬುದು ಅವರು ಕಂಡುಕೊಂಡದ್ದು. ಮುಸುಕು ಹಾಕಿಕೊಂಡ ಗ್ರೀಕನಿಗೆ ಈ ವಿಂಗಡಣೆಯನ್ನು ಅನ್ವಯಿಸಬಹುದೇ ಎಂಬುದನ್ನು ಬಹಳ ಕಾಲ ತೂಗಿ ನೋಡಿದೆ. ವರ್ತನೆ ದಾಖಲಾಗಿದೆ, ಕಾರಣವನ್ನು ಸಮಕಾಲೀನನೊಬ್ಬ ಹೇಳಿದ್ದಾನೆ, ಆದರೆ ರೋಗಿಯ ಮಾತು ಒಂದೂ ಉಳಿದಿಲ್ಲ; ಹೀಗಾಗಿ ಹೋಲಿಕೆಯನ್ನು ಸೂಚಿಸಿ, ಸಮೀಕರಣವನ್ನು ಬಿಟ್ಟೆ. ಅಂಜಿಕೆಗೆ ಕಾನೂನೂ ಕಾರಣ ಒದಗಿಸಿತ್ತೆಂಬುದನ್ನು ಮರೆಯಬಾರದು: ಅಪಸ್ಮಾರದ ಕಾರಣಕ್ಕೆ ಮದುವೆಯನ್ನು ಅಸಿಂಧುಗೊಳಿಸಲು ಇದ್ದ ಅವಕಾಶವನ್ನು ಬ್ರಿಟನ್ 1971ರಲ್ಲಿ, ಅಪಸ್ಮಾರವಿರುವವರ ಮದುವೆಗೆ ಇದ್ದ ಅಡ್ಡಿಯನ್ನು ಭಾರತ 1999ರಲ್ಲಿ ತೆಗೆದುಹಾಕಿದವು.

ಕುಟುಂಬದ ಆರೋಗ್ಯದ ಭಾಗದಲ್ಲಿ ಮೂರು ತಲೆಮಾರುಗಳ ವಂಶವೃಕ್ಷ ಬರೆಯಿಸಿದೆ, ಆದರೆ ಒಬ್ಬೊಬ್ಬರನ್ನು ಪ್ರತ್ಯೇಕವಾಗಿ ಕೂರಿಸಿ. ಎಲ್ಲರೂ ಸೇರಿದಾಗ ಹಿರಿಯರ ಮಾತೇ ಮನೆಯ ಮಾತಾಗುತ್ತದೆ; ತಾಯಿಯ ಕಡೆಯವರಲ್ಲಿದ್ದ ಕಾಯಿಲೆ ತಂದೆಯ ಎದುರು ಬಾಯಿಗೆ ಬರುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ, ವ್ಯತ್ಯಾಸಗಳನ್ನು ಸರಿಪಡಿಸಲೂ ಇಲ್ಲ.

ಸೆಳವಿನ ಹೊತ್ತಿನಲ್ಲಿ ಹಲ್ಲುಗಳ ನಡುವೆ ಚಮಚ ತೂರಿಸಿದೆವು, ಅದುಮಿ ಹಿಡಿದೆವು ಎಂದು ಕೆಲವರು ಹೇಳಿದಾಗ ಅದನ್ನು ಹೇಳಿದಂತೆಯೇ ಬರೆದುಕೊಂಡೆ. ಸಂದರ್ಶನ ಮುಗಿದ ಮೇಲೆ, ಬಾಯಿಗೆ ಏನನ್ನೂ ಹಾಕಬಾರದು, ಒತ್ತಿ ಹಿಡಿಯಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ತುರ್ತು ಚಿಕಿತ್ಸೆಗೆ ಒಯ್ಯಬೇಕು ಎಂದು ತಪ್ಪದೆ ತಿಳಿಸಿದೆ. ಹೀಗೆ ತಿಳಿಸುವುದರಿಂದ ಮುಂದಿನ ಸಂದರ್ಶನದ ಮಾಹಿತಿ ಬದಲಾಗುತ್ತದೆ ಎಂಬ ಆಕ್ಷೇಪ ಬಂತು. ಬದಲಾಗಲಿ ಎಂದೇ ಹೇಳಿದೆ, ಮತ್ತು ತಿಳಿಸಿದ ದಿನವನ್ನು ಪ್ರತಿ ಕಡತದಲ್ಲಿ ನಮೂದಿಸಿದೆ.

ಮೊಬೈಲಿನಲ್ಲಿ ತೆಗೆದ ವಿಡಿಯೋಗಳನ್ನು ಹಲವರು ತೋರಿಸಿದರು. ನೆನಪನ್ನು ಒರೆಗೆ ಹಚ್ಚಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ತೆಗೆದವರ ಒಪ್ಪಿಗೆ ಅದಕ್ಕೆ ಸಾಲದು, ಅದರಲ್ಲಿ ಬಿದ್ದಿರುವವರ ಒಪ್ಪಿಗೆ ಬೇಕು, ಮತ್ತು ಅವರಲ್ಲಿ ಎಷ್ಟೋ ಮಂದಿ ಆ ಚಿತ್ರವನ್ನು ಒಮ್ಮೆಯೂ ನೋಡಿರುವುದಿಲ್ಲ. ಅವರಿಗೆ ನೋಡಲು ಇಷ್ಟವಿದೆಯೇ ಎಂದು ಕೇಳಿ, ಬೇಡವೆಂದವರಿಗೆ ತೋರಿಸದೆ, ಒಪ್ಪಿದವರ ವಿಡಿಯೋವನ್ನು ಮಾತ್ರ ಇಬ್ಬರು ವೈದ್ಯರಿಂದ ಬೇರೆಬೇರೆಯಾಗಿ ವಿವರಣೆ ಬರೆಯಿಸಿಕೊಂಡು, ವಿವರಣೆಯನ್ನು ಉಳಿಸಿಕೊಂಡು ವಿಡಿಯೋವನ್ನು ಅಳಿಸಿದೆ.