ರೊಟ್ಟಿ ಎಣಿಸಿ ಕಲಿಸಿದ ಬಿಸಿನೆಸ್ ಸ್ಟಡೀಸ್

ಪ್ರತಿ ವರ್ಷ ಜೂನ್‌ನಲ್ಲಿ ಫಸ್ಟ್ ಪಿಯು ಕಾಮರ್ಸ್ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. "ಕೊರತೆ ಅಂದ್ರೇನು?" ಬರುವ ಉತ್ತರವೂ ಒಂದೇ. "ಬರ ಬೀಳೂದ್ರೀ ಸರ್." ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಬಡತನ ರೀ." ನಮ್ಮ ಕಡೆಯ ಮಕ್ಕಳಿಗೆ ಬೇರೆ ಏನು ಹೊಳೆಯಬೇಕು ಹೇಳಿ. ಮಳೆ ಕೈಕೊಟ್ಟ ವರ್ಷ ಅಪ್ಪ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿದ್ದು ಅವರಿಗೆ ಗೊತ್ತು. ಆದರೆ ಕೋಟಿ ಇರುವ ಗ್ರಾನೈಟ್ ಸಾಹುಕಾರನಿಗೂ ಕೊರತೆ ಇದೆ, ಅವನಿಗೂ ದಿನಕ್ಕೆ 24 ತಾಸೇ ಅನ್ನುವುದನ್ನು ಅವರ ತಲೆಗೆ ಇಳಿಸಲು ನನಗೆ ಮೂರು ವರ್ಷ ಹಿಡಿಯಿತು. ಕೈಯಿಂದ ಹೋದದ್ದು ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ.

ನಾನು ಇಳಕಲ್ಲಿನಲ್ಲಿ ಕಲಿಸುತ್ತೇನೆ. ಮಕ್ಕಳನ್ನು ಊರೊಳಗೆ ಬಿಟ್ಟು ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. "ಮೊದಲ ಸಿಲೆಬಸ್ ಮುಗಿಸ್ರೀ" ಅಂದರು ಒಬ್ಬರು. ಒಬ್ಬ ಹುಡುಗಿಯ ಅಪ್ಪನಂತೂ ಗೇಟಿನ ಹತ್ತಿರವೇ ಹಿಡಿದು, "ರೊಟ್ಟಿ ಎಣಸಾಕ ನಮ್ಮ ಮಗಳನ್ನ ಕಾಲೇಜಿಗೆ ಕಳಿಸೀವೇನ್ರೀ?" ಅಂತ ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ನನ್ನಂತೆ ಕಾಮರ್ಸ್ ಕಲಿಸುವ ನಿಮಗೆ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಬರೆದದ್ದು, ಹತ್ತು ಇಪ್ಪತ್ತು ಆಚೀಚೆ ಇರಬಹುದು.

ಮೊದಲ ವರ್ಷದ ಪ್ರಯೋಗ ಪೇಡೆಯದ್ದು. 45 ಮಕ್ಕಳು, 10 ಧಾರವಾಡ ಪೇಡೆ. ಜಗಳ ಆಗುತ್ತದೆ, ಆಮೇಲೆ "ಇದೇ ನೋಡ್ರಪ್ಪಾ ಕೊರತೆ" ಅಂತ ಹೇಳೋಣ ಅಂದುಕೊಂಡು ಡಬ್ಬಿ ಟೇಬಲ್ ಮೇಲಿಟ್ಟೆ. ಮುಂದಿನ ಬೆಂಚಿನ ಹುಡುಗಿಯರು ಎದ್ದು ಬಂದು ಸ್ಕೇಲಿನಿಂದ ಒಂದೊಂದು ಪೇಡೆಯನ್ನೂ ಐದೈದು ತುಂಡು ಮಾಡಿದರು. ಎಲ್ಲರಿಗೂ ಹಂಚಿ ಇನ್ನೂ ಐದು ತುಂಡು ಉಳಿದವು. ಒಂದು ನನಗೆ, ಒಂದು ಸಿಪಾಯಿಗೆ. "ಕೊರತಿ ಎಲ್ಲೈತ್ರೀ ಸರ್?" ಅಂತ ಕೇಳಿದರು. ಅಂಗಡಿಯವನಿಗೆ ಕೊಟ್ಟ ದುಡ್ಡು ದಂಡ.

ಎಡವಿದ್ದು ಎಲ್ಲಿ ಅಂತ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಹಂಚಿಕೊಳ್ಳಲು ಬರುವ ಸಾಮಾನು ಇಟ್ಟರೆ ಯಾರೂ ಏನನ್ನೂ ಬಿಡಬೇಕಾಗುವುದಿಲ್ಲ. ಬಿಡುವುದು ಇಲ್ಲದಿದ್ದರೆ ಆಯ್ಕೆಯೂ ಇಲ್ಲ, ಅವಕಾಶ ವೆಚ್ಚವೂ (ಒಂದನ್ನು ಆರಿಸಿದಾಗ ಕೈಬಿಟ್ಟ ಮುಂದಿನ ಒಳ್ಳೆಯ ಆಯ್ಕೆ) ಇಲ್ಲ. ಪುಸ್ತಕದಲ್ಲಿ ಇದೇ ಇದೆ. ಓದಿದ್ದೆ ಕೂಡ.

ಎರಡನೇ ವರ್ಷ ಸಂತೆಗೆ ಬಿಟ್ಟೆ. ಐದೈದು ಮಕ್ಕಳ ಒಂಬತ್ತು ಗುಂಪು, ಗುಂಪಿಗೆ ನೂರು ರೂಪಾಯಿ. ನಾಲ್ಕು ಜನರ ಮನೆಗೆ ಒಂದು ದಿನದ ಕಾಯಿಪಲ್ಲೆ, ಬೇಳೆ, ಬೇಕಾದ್ದು ತರಬೇಕು. ತಂದದ್ದರ ಪಟ್ಟಿ ನನಗೆ ಬೇಡ ಅಂದೆ. ಬಿಟ್ಟು ಬಂದದ್ದರ ಪಟ್ಟಿ ಬೇಕು. ಯಾವುದನ್ನು ಬಿಡುವಾಗ ಜಾಸ್ತಿ ಹೊಟ್ಟೆ ಉರಿಯಿತೋ ಅದು ಮೇಲೆ, ಆಮೇಲೆ ಉಳಿದವು. ಅದಕ್ಕೆ ನಾವು "ಬಿಟ್ಟ ಚೀಟಿ" ಅಂತ ಹೆಸರಿಟ್ಟೆವು. ಈಗ ನಮ್ಮ ಕಾಲೇಜಿನಲ್ಲಿ ಅವಕಾಶ ವೆಚ್ಚ ಅಂದರೆ ಯಾರಿಗೂ ತಿಳಿಯಲ್ಲ, ಬಿಟ್ಟ ಚೀಟಿ ಅಂದರೆ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ, ನೀವೂ ನೋಡಿರುತ್ತೀರಿ. ಬಿಟ್ಟದ್ದನ್ನೆಲ್ಲ ಕೂಡಿಸಿ ಅದೇ ಅವಕಾಶ ವೆಚ್ಚ ಅನ್ನುತ್ತಾರೆ. ಒಂದು ಗುಂಪು ಬದನೆಕಾಯಿ ತಂದು ಗಿರಮಿಟ್, ಬಾಳೆಹಣ್ಣು, ಕೊತ್ತಂಬರಿ ಮೂರನ್ನೂ ಬಿಟ್ಟಿತ್ತು. ಮೂರನ್ನೂ ಸೇರಿಸಿ 70 ರೂಪಾಯಿ ಅಂತ ಬರೆದರು. ಬದನೆಕಾಯಿಗೆ ಕೊಟ್ಟದ್ದು 30. "ಆ 30 ರೂಪಾಯಿಯೊಳಗ ಮೂರೂ ಬರ್ತಿದ್ವೇನು?" ಅಂದೆ. ಇಲ್ಲ. "ಹಂಗಾರ ಮೊದಲ ಯಾವುದನ್ನ ತರ್ತಿದ್ರಿ?" ಗಿರಮಿಟ್. ಅಷ್ಟೇ. ಚೀಟಿಯಲ್ಲಿ ಮೇಲಿನ ಒಂದೇ ಸಾಲು ಉಳಿಸಿ ಉಳಿದದ್ದಕ್ಕೆ ಗೀಟು ಹಾಕಿಸಿದೆ. ಆ ಗೀಟು ಮಾಡಿದ ಕೆಲಸ ಹತ್ತು ವರ್ಷದ ನನ್ನ ನೋಟ್ಸ್ ಮಾಡಿರಲಿಲ್ಲ.

ಇನ್ನೊಂದು ಗುಂಪಿನ ಹುಡುಗಿ ಚೀಟಿಯ ಮೇಲಿನ ಸಾಲಿನಲ್ಲಿ "ಬಸ್" ಅಂತ ಬರೆದಿದ್ದಳು. ಈರುಳ್ಳಿಗೆ ಐದು ರೂಪಾಯಿ ಕಡಿಮೆ ಮಾಡಿಸಲು ಅರ್ಧ ತಾಸು ಚೌಕಾಸಿ ಮಾಡಿ ಊರಿನ ಬಸ್ ತಪ್ಪಿಸಿಕೊಂಡಿದ್ದಳು. ಸಮಯದ ಕೊರತೆಯನ್ನು ನಾನು ಕಲಿಸಬೇಕಾಗಲೇ ಇಲ್ಲ. ಅದೇ ವಾರ ಬಾಗಲಕೋಟೆ ಕಡೆಯ ಹುಡುಗನೊಬ್ಬ ತನ್ನಷ್ಟಕ್ಕೇ ಎದ್ದು ನಿಂತ. ಅವರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿತ್ತು. "ಪರಿಹಾರದ ರೊಕ್ಕ ಬಂದಾಗ ನಮ್ಮಜ್ಜ ಟ್ರ್ಯಾಕ್ಟರ್ ತಗೊಂಡಾರ್ರೀ, ನವನಗರದಾಗಿನ ಸೈಟ್ ಬಿಟ್ಟಾರ. ಈಗ ಸೈಟಿನ ರೇಟ್ ಕೇಳಿದ್ರ ಅಜ್ಜ ಎದ್ದು ಹೊರಗ ಹೋಗ್ತಾರ್ರೀ." ಕ್ಲಾಸ್ ಎಲ್ಲ ನಕ್ಕಿತು, ಅವನೂ ನಕ್ಕ. ನಾನು ಬೋರ್ಡ್ ಮೇಲೆ ಏನೂ ಬರೆಯಲಿಲ್ಲ.

ಸಂತೆಗೆ 900 ಹೋಯಿತು. ಕಾಯಿಪಲ್ಲೆಯನ್ನು ಮಕ್ಕಳೇ ಮನೆಗೆ ಒಯ್ದರು. ಕಾಲೇಜಿಗೆ ಬಿಲ್ ಕೊಟ್ಟೆ. ಸಂತೆಯಲ್ಲಿ ರಸೀದಿ ಎಲ್ಲಿಂದ ತರಲಿ? ಬಿಲ್ ವಾಪಸ್ ಬಂತು.

ಇನ್ನು ಗಾತ್ರದ ವಿಷಯ. ಇದು ನಿಜವಾದ ಮಜಾ. ಉದ್ಯಮದ ಗಾತ್ರ ಅಳೆಯುವ ಅಳತೆಗಳು ನಿಮಗೆ ಬಾಯಿಪಾಠ. ದುಡಿಯುವವರ ಸಂಖ್ಯೆ, ಹಾಕಿದ ಬಂಡವಾಳ, ಉತ್ಪಾದನೆಯ ಪ್ರಮಾಣ ಇಲ್ಲವೇ ಮೌಲ್ಯ, ಸುಡುವ ಕರೆಂಟು. ಮಕ್ಕಳಿಗೂ ಬಾಯಿಪಾಠ ಆಗುತ್ತದೆ. ಆದರೆ ಒಂದು ಅಳತೆಯಲ್ಲಿ ದೊಡ್ಡದಾದದ್ದು ಇನ್ನೊಂದರಲ್ಲಿ ಸಣ್ಣದಾಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಬೇಕು. ಅದಕ್ಕೆ ನಾಲ್ಕು ಜಾಗ ಆರಿಸಿದೆ: ಒಂದು ಜೋಳದ ರೊಟ್ಟಿ ಕೇಂದ್ರ, ಒಂದು ಗ್ರಾನೈಟ್ ಪಾಲಿಶ್ ಘಟಕ, ಒಬ್ಬ ಸೀರೆ ಸಾಹುಕಾರರು, ಬಸ್ ಸ್ಟ್ಯಾಂಡಿನ ಒಂದು ಚಹಾ ಅಂಗಡಿ.

ಮೊದಲ ಸಲ ಪೂರ್ತಿ ಸೋತೆ. ಮಕ್ಕಳು ಪೆನ್ನು ವಹಿ ಹಿಡಿದು ಹೋಗಿ "ನಿಮ್ಮ ವ್ಯಾಪಾರ ಎಷ್ಟು?" ಅಂತ ಕೇಳಿದರು. ಚಹಾ ಅಂಗಡಿ ಕಾಕಾ "ಯಾವ ಆಫೀಸಿನವ್ರ್ಯಪ್ಪಾ ನೀವು?" ಅಂದು ಓಡಿಸಿದರು. ಗ್ರಾನೈಟ್ ಘಟಕದಲ್ಲಿ ಮ್ಯಾನೇಜರ್ ಫೋನ್ ಮಾಡಿ, "ಜಿಎಸ್‌ಟಿಯವರಿಗೆ ಮಾಹಿತಿ ಕೊಡಾಕ ಹುಡುಗರನ್ನ ಬಿಟ್ಟೀರೇನ್ರೀ ಸರ್?" ಅಂತ ದಬಾಯಿಸಿದರು. ರೊಟ್ಟಿ ಕೇಂದ್ರದಲ್ಲಿ ಒಬ್ಬ ಹುಡುಗ ಎಣಿಸಲು ಹೋಗಿ ಖಡಕ್ ರೊಟ್ಟಿಯ ಥಪ್ಪಿಯನ್ನೇ ಕೆಡವಿದ. ನಲವತ್ತು ರೊಟ್ಟಿ ಪುಡಿಪುಡಿ. ಇನ್ನೂರು ರೂಪಾಯಿ ಕೊಟ್ಟು ಆ ಪುಡಿಯನ್ನು ಮನೆಗೆ ತಂದೆ. ಒಂದು ವಾರ ಮನೆಯಲ್ಲಿ ರೊಟ್ಟಿ ಮುಟಗಿ.

ಆಮೇಲೆ ದಾರಿ ಬದಲಿಸಿದೆ. ದುಡ್ಡಿನ ಬಗ್ಗೆ ಕೇಳಲೇಬಾರದು, ಸಾಮಾನು ಎಣಿಸಬೇಕು. ರೊಟ್ಟಿ ಕೇಂದ್ರದಲ್ಲಿ ಹಿಟ್ಟಿನ ಚೀಲ ನೋಡಬೇಕು. ಒಂದು ಕಿಲೋ ಹಿಟ್ಟಿಗೆ ಹದಿನೈದು ಹದಿನಾರು ತೆಳು ರೊಟ್ಟಿ. ಕ್ವಿಂಟಲ್ ಚೀಲ ದಿನಕ್ಕೆ ಎರಡಕ್ಕೆ ಸ್ವಲ್ಪ ಕಡಿಮೆ ಖಾಲಿಯಾದರೆ ಮೂರು ಸಾವಿರ ರೊಟ್ಟಿ. ರೊಟ್ಟಿಗೆ ಐದು ರೂಪಾಯಿಯಂತೆ ದಿನಕ್ಕೆ 15,000. ವರ್ಷಕ್ಕೆ 300 ದಿನ ಹಿಡಿದರೆ 45 ಲಕ್ಷ. ಚಹಾ ಅಂಗಡಿಯಲ್ಲಿ ಬೆಳಗಿನ ಜಾವ ಹಾಲಿನ ಪಾಕೀಟು ಎಣಿಸಿದರೆ ಸಾಕು. ಗ್ರಾನೈಟ್ ಘಟಕದ ವ್ಯಾಪಾರ ಹೇಗೆ ತಿಳಿದೆವು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಆ ಮ್ಯಾನೇಜರ್ ಕೂಡ ಕನ್ನಡ ಓದುತ್ತಾರೆ. ಎಲ್ಲಾದರೂ ಸಿಕ್ಕರೆ ಚಹಾ ಕುಡಿಸಿ, ಕಿವಿಯಲ್ಲಿ ಹೇಳುತ್ತೇನೆ.

ಬಂದ ಲೆಕ್ಕ ಹೀಗಿತ್ತು. ರೊಟ್ಟಿ ಕೇಂದ್ರದಲ್ಲಿ 22 ಹೆಣ್ಣುಮಕ್ಕಳು. ಬಂಡವಾಳ ನೋಡಿದರೆ ಹಂಚು, ಒಲೆ, ಒಂದು ಸಣ್ಣ ಗಿರಣಿ ಎಲ್ಲ ಸೇರಿ ಎರಡು ಲಕ್ಷ ದಾಟುವುದಿಲ್ಲ. ಗ್ರಾನೈಟ್ ಘಟಕದಲ್ಲಿ 9 ಜನ, ಯಂತ್ರಗಳೇ ಒಂದೂಮುಕ್ಕಾಲು ಕೋಟಿ. ಜನ ಎಣಿಸಿದರೆ ರೊಟ್ಟಿ ದೊಡ್ಡದು, ದುಡ್ಡು ಎಣಿಸಿದರೆ ಕಲ್ಲು ದೊಡ್ಡದು. ಕ್ಲಾಸ್ ಎರಡು ಪಾರ್ಟಿ ಆಯಿತು. ನಾನು ಸುಮ್ನೆ ಕೂತೆ. ಪಕ್ಕದ ಕ್ಲಾಸಿನ ಮೇಡಂ ಬಂದು ಬಾಗಿಲು ಹಾಕಿಕೊಂಡು ಹೋದರು.

ಜಗಳಕ್ಕೆ ನಿಜವಾದ ಬೆಂಕಿ ಬಿದ್ದದ್ದು ಸೀರೆ ಸಾಹುಕಾರರ ಲೆಕ್ಕದಲ್ಲಿ. ಅಂಗಡಿಯಲ್ಲಿ ಇರುವವರು ಮೂರೇ ಜನ. ಆದರೆ ಅವರ ನೂಲು ಹಿಡಿದು ನೇಯುವ ಕುಣಿ ಮಗ್ಗಗಳು (ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಮಗ್ಗ) ಊರ ತುಂಬ, ಸುತ್ತಲಿನ ಹಳ್ಳಿಗಳಲ್ಲೂ, ಸುಮಾರು ಅರವತ್ತು. ಒಂದೊಂದು ಮಗ್ಗದ ಹಿಂದೆ ಇಡೀ ಮನೆ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಒಡಲಿನ ಹಾಸಿಗೂ (ಉದ್ದದ ಎಳೆಗಳು) ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಲು ಮತ್ತೊಬ್ಬರು ಬೇಕು. ಮಜೂರಿ ಸೀರೆಯ ಲೆಕ್ಕದಲ್ಲಿ. ಹಾಗಾದರೆ ಈ ಉದ್ಯಮದಲ್ಲಿ ದುಡಿಯುವವರು ಮೂವರೋ, ನೂರೈವತ್ತು ಮಂದಿಯೋ? ಕ್ಲಾಸಿನಲ್ಲಿ ನೇಕಾರರ ಮನೆಯ ಮಕ್ಕಳು ಹತ್ತು ಜನ ಇದ್ದರು. ಅವರಲ್ಲೇ ಒಮ್ಮತ ಇರಲಿಲ್ಲ. "ನಮ್ಮಪ್ಪ ಯಾರ ಆಳೂ ಅಲ್ಲ" ಅಂದ ಒಬ್ಬ. "ಹಂಗಾರ ನೂಲು ಯಾರದು?" ಅಂದಳು ಇನ್ನೊಬ್ಬಳು. ಕರೆಂಟಿನ ಅಳತೆ ಹಿಡಿದರಂತೂ ಇನ್ನೂ ಚಂದ. ಕುಣಿ ಮಗ್ಗಕ್ಕೆ ಕೈಕಾಲೇ ಶಕ್ತಿ, ಹೆಸ್ಕಾಂ ಬಿಲ್ಲಿನಲ್ಲಿ ಬರುವುದು ಮೇಲಿನ ಬಲ್ಬು ಮಾತ್ರ. ಆ ಅಳತೆಯಲ್ಲಿ ವರ್ಷಕ್ಕೆ ಕೋಟಿ ರೂಪಾಯಿ ಸೀರೆ ಮಾರುವವರು ಚಹಾ ಅಂಗಡಿಗಿಂತ ಸಣ್ಣವರು, ಯಾಕೆಂದರೆ ಕಾಕಾನ ಹತ್ತಿರ ಫ್ರಿಜ್ ಇದೆ.

ಲಾಭದ ಮೇಲೆ ಅಳೆಯಬಾರದು ಅನ್ನುವುದಕ್ಕೆ ಪ್ರಿನ್ಸಿಪಾಲರೇ ತಕರಾರು ತೆಗೆದರು. ಲಾಭ ಜಾಸ್ತಿ ಇದ್ದವನೇ ದೊಡ್ಡವನಲ್ಲವೇ ಅಂದರು. ಗ್ರಾನೈಟ್ ಘಟಕಕ್ಕೆ ಹಿಂದಿನ ವರ್ಷ ನಷ್ಟ ಆಗಿತ್ತು, ಕಾಕಾ ಮಾತ್ರ ಪ್ರತಿ ಕಪ್ಪಿನಲ್ಲೂ ಗಳಿಸಿದ್ದರು. "ಹಂಗಾದ್ರ ಆ ವರ್ಷ ಗ್ರಾನೈಟ್ ಘಟಕ ಇರಲೇ ಇಲ್ಲೇನ್ರೀ ಸರ್?" ಅಂತ ಕೇಳಿದೆ. ಅವರು ಚಹಾ ತರಿಸಿದರು.

ಇನ್ನೊಂದು ತಪ್ಪು ನನ್ನದೇ. ಗಾತ್ರದ ಪಾಠದ ಮೊದಲ ವರ್ಷ ಮಕ್ಕಳು ಗ್ರಾನೈಟ್ ಘಟಕದ ಬಂಡವಾಳಕ್ಕೆ ಜಾಗದ ಬೆಲೆಯನ್ನೂ ಸೇರಿಸಿದ್ದರು. ನಾನೂ ಬಿಟ್ಟುಬಿಟ್ಟೆ. ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ವಿಂಗಡಣೆಯಲ್ಲಿ ಹೂಡಿಕೆ ಅಂದರೆ ಯಂತ್ರ ಸಲಕರಣೆ ಮಾತ್ರ, ಜಾಗ ಕಟ್ಟಡ ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಸರಿಪಡಿಸಿಕೊಂಡೆ. ಆ ಸರಿಪಡಿಸುವಿಕೆಯಿಂದಲೇ ಒಳ್ಳೆಯ ಉದಾಹರಣೆ ಸಿಕ್ಕಿತು. 2020ರ ಜುಲೈ 1ರಿಂದ ಬಂದ ನಿಯಮದಲ್ಲಿ ಸೂಕ್ಷ್ಮ ಉದ್ಯಮಕ್ಕೆ ಹೂಡಿಕೆ 1 ಕೋಟಿ, ವಹಿವಾಟು 5 ಕೋಟಿಯ ಮಿತಿ. ಎರಡರಲ್ಲಿ ಒಂದನ್ನು ದಾಟಿದರೂ ಮೇಲಿನ ವರ್ಗ. ಹಾಗಾಗಿ ಒಂದೂಮುಕ್ಕಾಲು ಕೋಟಿಯ ನಮ್ಮ ಘಟಕ ಆಗ ಸಣ್ಣ ಉದ್ಯಮ. 2025ರ ಏಪ್ರಿಲ್ 1ರಿಂದ ಮಿತಿ ಎರಡೂವರೆ ಕೋಟಿ ಮತ್ತು 10 ಕೋಟಿಗೆ ಏರಿತು. ಒಂದು ಯಂತ್ರ ಕದಲಲಿಲ್ಲ, ಒಬ್ಬ ಆಳು ಬಿಡಲಿಲ್ಲ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಅದೇ ಘಟಕ ಸೂಕ್ಷ್ಮ ಉದ್ಯಮ ಆಯಿತು. ಹಳೇ ಗೈಡ್ ಇಟ್ಟುಕೊಂಡು ಪಾಠ ಮಾಡುವವರು ಇದೊಂದನ್ನು ನೋಡಿಕೊಳ್ಳಿ. ಕೆಲವು ಗೈಡ್‌ಗಳಲ್ಲಿ ಇನ್ನೂ 2006ರ ಕಾಯ್ದೆಯ 25 ಲಕ್ಷವೇ ಕೂತಿದೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಮೌಲ್ಯವರ್ಧನೆ ತೋರಿಸಲು ಅಮೀನಗಡದ ಕರದಂಟು ತಂದು, ಅದರೊಳಗಿನ ಸಾಮಾನಿನ ಬೆಲೆಯನ್ನು ಮಾರುವ ಬೆಲೆಯಿಂದ ಕಳೆಯೋಣ ಅಂತ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನೇ ಮಾಡಿ ನೋಡುತ್ತೇನೆ ಅಂತ ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ, ಬೆಲ್ಲ, ತುಪ್ಪ ತಂದೆ. 620 ರೂಪಾಯಿ. ಅಂಟು ಅರಳುವ ತನಕ ಕರಿಯಬೇಕು, ನಾನು ಅರ್ಧಕ್ಕೇ ತೆಗೆದೆ. ಪಾಕವೂ ಏರಿತ್ತು. ತಟ್ಟೆಯಲ್ಲಿ ಆದದ್ದು ಗ್ರಾನೈಟ್. ಮನೆಯವಳು ಒನಕೆ ತಂದು ಒಡೆದಳು. ಮರುದಿನ ಮಕ್ಕಳಿಗೆ ತೋರಿಸಿ, "ಇಲ್ಲಿ ಮೌಲ್ಯ ಕೂಡಿತೋ ಕಳೆಯಿತೋ?" ಅಂದೆ. ಋಣಾತ್ಮಕ ಮೌಲ್ಯವರ್ಧನೆ ಅಂತ ಒಬ್ಬ ಬರೆದ. ಪೂರ್ತಿ ಅಂಕ ಕೊಟ್ಟೆ.

ಫಲಿತಾಂಶ ಕೇಳುತ್ತೀರಲ್ಲ. ಮೊದಲು ಯುನಿಟ್ ಟೆಸ್ಟಿನಲ್ಲಿ ಗಾತ್ರದ ಪ್ರಶ್ನೆಗೆ ಸ್ವಂತ ಉದಾಹರಣೆ ಕೊಟ್ಟು ಬರೆಯುವವರು 45ರಲ್ಲಿ ಏಳೆಂಟು. ಹೋದ ವರ್ಷ ಮೂವತ್ತನ್ನು ದಾಟಿದರು. ಸಿಲೆಬಸ್ ಮುಗಿಸ್ರೀ ಅಂದವರೇ ಈ ಸಲ ನನ್ನ ನಾಲ್ಕು ಜಾಗಗಳ ಪಟ್ಟಿ ಕೇಳಿದರು. ಮೂರನ್ನು ಕೊಟ್ಟೆ.

ಗೇಟಿನ ಹತ್ತಿರ ಜಗಳ ತೆಗೆದಿದ್ದ ಆ ಅಪ್ಪನ ಮಗಳೇ ರೊಟ್ಟಿ ಕೇಂದ್ರ ನಡೆಸುವ ಅಕ್ಕನಿಗೆ ಉದ್ಯಮ್ (ಎಂಎಸ್‌ಎಂಇಗಳ ಸರ್ಕಾರಿ ಆನ್‌ಲೈನ್) ನೋಂದಣಿ ಮಾಡಿಸಿಕೊಟ್ಟಳು. ಅದಕ್ಕೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಆದರೆ ಯಾರೋ ಏಜೆಂಟ್ ಅಕ್ಕನಿಗೆ 1,500 ಹೇಳಿದ್ದ. ಆಧಾರ್, ಪ್ಯಾನ್ ತೆಗೆದುಕೊಂಡು ಹಂಚಿನ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ತುಂಬಿದಳು. ನಾನು ಹಿಂದೆ ನಿಂತಿದ್ದೆ. ದುಡಿಯುವವರ ಸಂಖ್ಯೆಯ ಕಾಲಂ ಬಂದಾಗ ಹುಡುಗಿ ನಮ್ಮ ವಹಿ ನೋಡಿ 22 ಅಂತ ಒತ್ತಿದಳು.

ಅಕ್ಕ ರೊಟ್ಟಿ ಬಡಿಯುತ್ತಲೇ ಅಂದಳು, "ಇಪ್ಪತ್ಮೂರು ಮಾಡವಾ. ನಾನೂ ಬಡೀತೀನಲ್ಲ."