ಕಾಫಿ ತೋಟದ ಬಂಗಲೆಯ ಇಟ್ಟಿಗೆ ಚಿಮಣಿ: ಬಿಚ್ಚಿ ಮತ್ತೆ ಕಟ್ಟಿದ ನನ್ನ ಅನುಭವ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಹಳೆಯ ಬಂಗಲೆಯಲ್ಲಿ, ಹೆಂಚಿನ ಮಾಡಿನಿಂದ ಮೇಲಕ್ಕೆ ಎದ್ದು ನಿಂತಿದ್ದ ಇಟ್ಟಿಗೆಯ ಚಿಮಣಿಯನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ನಾನು ವಹಿಸಿಕೊಂಡಾಗ, ತಲೆಯ ಭಾಗದ ಅಲಂಕಾರವನ್ನೆಲ್ಲ ಬಿಟ್ಟು ನೇರವಾಗಿ ಕಟ್ಟಿದರೆ ಖರ್ಚು ಉಳಿಯುವುದಿಲ್ಲವೇ ಎಂದು ಮನೆಯವರು ಕೇಳಿದರು. ಖರ್ಚು ಖಂಡಿತ ಉಳಿಯುತ್ತದೆ. ಆದರೆ ಚಿಮಣಿಯ ತಲೆಯಲ್ಲಿ ಬರೀ ನೋಟಕ್ಕೆಂದು ಇಟ್ಟ ಇಟ್ಟಿಗೆ ಬಹಳ ಕಡಿಮೆ. ಮುಂದಕ್ಕೆ ಚಾಚಿದ ಒಂದೊಂದು ವರಸೆಯೂ, ಅಂದರೆ ಇಟ್ಟಿಗೆಯ ಅಡ್ಡಸಾಲೂ, ಮಳೆನೀರು ಗೋಡೆಗುಂಟ ಇಳಿಯದಂತೆ ಆಚೆಗೆ ಚೆಲ್ಲುವುದಕ್ಕಾಗಿ ಇರುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿಮಳೆಯನ್ನು ಮೈಯೊಡ್ಡಿ ನಿಲ್ಲುವ ಮಲೆನಾಡಿನ ಮನೆಯಲ್ಲಿ ಅದನ್ನು ಕೈಬಿಡುವುದು ಸರಿಯಲ್ಲವೆಂದು ಹೇಳಿ ಅವರನ್ನು ಒಪ್ಪಿಸಿದೆ.

ಹಳೆಯ ಚಿಮಣಿ ಕೆಟ್ಟದ್ದಕ್ಕೆ ವಯಸ್ಸು ಕಾರಣವಾಗಿರಲಿಲ್ಲ. ಹಿಂದೆ ಯಾರೋ ರಿಪೇರಿ ಮಾಡುವಾಗ ಸುಣ್ಣದ ಸಂದುಗಳನ್ನು ಕೆರೆದು ಸಿಮೆಂಟ್ ತುಂಬಿದ್ದರು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದುವಾದುದರಿಂದ ಗೋಡೆ ಕುಡಿದ ನೀರು ಸಂದಿನ ಮೂಲಕವೇ ಆರಿಹೋಗುತ್ತದೆ. ಸಿಮೆಂಟ್ ಸಂದು ಗಟ್ಟಿಯಾಗಿ ಮುಚ್ಚಿಕೊಂಡಾಗ ಆ ನೀರಿಗೆ ಇಟ್ಟಿಗೆಯ ಮೈಯೊಂದೇ ದಾರಿಯಾಗುತ್ತದೆ. ಹಾಗಾಗಿ ನೈರುತ್ಯದ ಮುಖದಲ್ಲಿ ಸಿಮೆಂಟ್ ಗೆರೆಗಳು ಗಟ್ಟಿಯಾಗಿ ನಿಂತಿದ್ದರೂ ಅವುಗಳ ನಡುವಿನ ಇಟ್ಟಿಗೆಗಳು ಪುಡಿಪುಡಿಯಾಗಿ ಒಳಕ್ಕೆ ಸರಿದಿದ್ದವು. ಹಳೆಯ ಗೋಡೆಗೆ ಸಿಮೆಂಟ್ ತೋರಿಸಬೇಡಿ ಎಂದು ನಾನು ಕಂಡಕಂಡವರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ.

ಬಿಚ್ಚುವುದಕ್ಕೆ ಮೊದಲು ಉದ್ದನೆಯ ರೀಪೊಂದನ್ನು ಚಿಮಣಿಗೆ ತಾಗಿಸಿ ನಿಲ್ಲಿಸಿ, ಪ್ರತಿ ವರಸೆಯ ಎತ್ತರವನ್ನೂ ಪ್ರತಿ ಚಾಚಿನ ಅಳತೆಯನ್ನೂ ಅದರ ಮೇಲೆ ಗುರುತು ಹಾಕಿಕೊಂಡೆ. ಹಳೆಯ ನಾಡ ಇಟ್ಟಿಗೆ 9 ಅಂಗುಲ ಉದ್ದ, ನಾಲ್ಕೂವರೆ ಅಗಲ, 3 ದಪ್ಪದ್ದಾಗಿತ್ತು. ಇಂದು ಬರುವ ಇಟ್ಟಿಗೆಯ ಅಳತೆ ಗೂಡಿನಿಂದ ಗೂಡಿಗೆ ಬೇರೆಯಾಗುವುದರಿಂದ, ಉಳಿದ ಹಳೆಯ ಇಟ್ಟಿಗೆಗಳನ್ನು ಕೆರೆದು ತೊಳೆದು ಕಣ್ಣಿಗೆ ಬೀಳುವ ಕಡೆಗೆ ಎತ್ತಿಟ್ಟು, ಹೊಸದನ್ನು ಒಳಮೈಗೆ ಬಳಸಿದೆ. ಹೊಸ ಇಟ್ಟಿಗೆಯನ್ನು ಒಂದಕ್ಕೊಂದು ತಟ್ಟಿದರೆ ಕಣಕಣ ಎನ್ನಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ತೂಗಿದರೆ ತೂಕ ಶೇಕಡಾ 20ಕ್ಕಿಂತ ಹೆಚ್ಚಾಗಬಾರದು. ಎಂದರೆ 3 ಕಿಲೋ ತೂಗುವ ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಅದು ಚಿಮಣಿಗೆ ಹೇಳಿದ್ದಲ್ಲ.

ಗಾರೆಗೆ ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ, ಅರಳಿಸಿ, ಸೋಸಿ, ನೀರಿನಡಿಯಲ್ಲಿ ಕೊಳೆಯಲು ಬಿಟ್ಟೆ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು ಎಂಬುದು ನಾನು ಹಿಡಿದ ಲೆಕ್ಕ. ಇಟ್ಟಿಗೆಯನ್ನು ಕುಟ್ಟಿ ಮಾಡಿದ ಸುರ್ಕಿ ಸುಣ್ಣದೊಂದಿಗೆ ಕೂಡಿದಾಗ ಗಾರೆ ತೇವದಲ್ಲಿಯೂ ಗಟ್ಟಿಯಾಗುತ್ತದೆ. ಬರಿಯ ಸುಣ್ಣಕ್ಕೆ ಗಾಳಿ ಬೇಕು, ಮಲೆನಾಡಿನ ತೇವದಲ್ಲಿ ಅದು ಬಹಳ ನಿಧಾನ. ಹೇಗಿದ್ದರೂ ಸುಣ್ಣದ ಕೆಲಸಕ್ಕೆ ಸಮಯ ಬೇಕಾದ್ದರಿಂದ ಕಟ್ಟುವುದನ್ನು ಬೇಸಿಗೆಯ ಆರಂಭದಲ್ಲೇ ಹಿಡಿದು, ಕಟ್ಟಿದ ಭಾಗಕ್ಕೆ ಒದ್ದೆ ಗೋಣಿತಾಟು ಹೊದಿಸುತ್ತ ಬಂದೆ.

ಒಳಗಿನ ಹೊಗೆದಾರಿಯ ಅಳತೆಗೆ ಒಂದು ಲೆಕ್ಕವಿದೆ: ಅಗ್ಗಿಷ್ಟಿಕೆಯ ಬಾಯಿಯ ವಿಸ್ತೀರ್ಣದ ಹತ್ತನೆಯ ಒಂದು ಪಾಲಾದರೂ ಹೊಗೆದಾರಿಗೆ ಇರಬೇಕು. ಇಲ್ಲಿ ಬಾಯಿ 36 ಅಂಗುಲ ಅಗಲ, 30 ಅಂಗುಲ ಎತ್ತರ, ಒಟ್ಟು 1080 ಚದರಂಗುಲ, ಬೇಕಾದದ್ದು 108. ಇಟ್ಟಿಗೆಯ ಅಳತೆಗೆ ಒಗ್ಗುವ 9 ಮತ್ತು 14 ಅಂಗುಲದ ದಾರಿ 126 ಚದರಂಗುಲವಾಗುವುದರಿಂದ ಹಳೆಯವರು ಅದನ್ನೇ ಇಟ್ಟಿದ್ದರು, ನಾನೂ ಅದನ್ನೇ ಉಳಿಸಿಕೊಂಡೆ. ಮಾಡಿನ ಮರದ ತೊಲೆ, ಪಕಾಸಿಗಳು ಚಿಮಣಿಯ ಮೈಗೆ ತಾಗದಂತೆ 2 ಅಂಗುಲ ಅಂತರ ಬಿಡಿಸಿದೆ.

ತಲೆಯ ಕೆಲಸಕ್ಕೆ ಬಂದಾಗ ಮೇಸ್ತ್ರಿಯ ಕೈ ನಿಧಾನವಾಗಲೇಬೇಕು. ಚಾಚು ವರಸೆಗಳಲ್ಲಿ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ಕಾಲು ಇಟ್ಟಿಗೆ, ಅಂದರೆ ಎರಡೂಕಾಲು ಅಂಗುಲದವರೆಗೆ ಮುಂದೆ ಬರಬಹುದು. ಎಲ್ಲ ಸೇರಿ ಗೋಡೆಯ ದಪ್ಪವನ್ನು ಮೀರಬಾರದು. ನಾನು ಒಂದೂವರೆ ಅಂಗುಲದಂತೆ ಮೂರು ವರಸೆ ಚಾಚಿದೆ. ಇಟ್ಟಿಗೆಯ ತಲೆ ಹೊರಗೆ ಬರುವಂತೆ ಅಡ್ಡಲಾಗಿ ಇಟ್ಟರೆ ಅದರ ಉದ್ದದ ಬಹುಪಾಲು ಗೋಡೆಯ ಮೇಲೆ ಕೂರುತ್ತದೆ. ಮೇಲಿನ ಭಾರ ಬಂದು ಹಿಂಬದಿಯನ್ನು ಒತ್ತಿ ಹಿಡಿಯುವವರೆಗೆ ಅದು ಮುಂದಕ್ಕೆ ವಾಲದಂತೆ ನೋಡಿಕೊಳ್ಳಬೇಕು, ಆದ್ದರಿಂದ ಮೊದಲು ನಾಲ್ಕು ಮೂಲೆಗಳನ್ನು ತೂಗುಗುಂಡು ಹಿಡಿದು ಕಟ್ಟಿ, ದಾರ ಎಳೆದು, ಆಮೇಲೆ ನಡುವನ್ನು ತುಂಬಿದೆವು. ಚಾಚಿದ ಇಟ್ಟಿಗೆಯ ಕೆಳಗಿನ ಅಂಚನ್ನೇ ದಾರಕ್ಕೆ ಹೊಂದಿಸಬೇಕು, ಏಕೆಂದರೆ ಅಂಗಳದಲ್ಲಿ ನಿಂತವರ ಕಣ್ಣು ಮೊದಲು ಕಾಣುವುದು ಆ ಅಂಚನ್ನು.

ಚಾಚುಗಳ ಕೆಳಗೆ ಹಲ್ಲಿನ ವರಸೆಯಿತ್ತು, ಎಂದರೆ ಇಟ್ಟಿಗೆಗಳನ್ನು 45 ಡಿಗ್ರಿ ಓರೆಯಾಗಿಟ್ಟು ಮೂಲೆ ಮಾತ್ರ ಹೊರಗೆ ಕಾಣುವ ಸಾಲು. ಇದರಲ್ಲಿ ಇಟ್ಟಿಗೆ ಇಟ್ಟಿಗೆಯ ನಡುವೆ ಮುಕ್ಕೋನದ ಗೂಡು ಉಳಿಯುತ್ತದೆ, ಅಲ್ಲಿ ನೀರು ನಿಲ್ಲಬಾರದು. ಅದಕ್ಕೆಂದೇ ಮೇಲಿನ ವರಸೆ ಹಲ್ಲಿನ ತುದಿಗಿಂತ ಒಂದಿಷ್ಟು ಮುಂದೆ ಬಂದಿರಬೇಕು, ಪ್ರತಿ ಗೂಡಿನ ನೆಲಕ್ಕೆ ಗಾರೆಯಿಂದ ಹೊರಕ್ಕೆ ಇಳಿಜಾರು ಕೊಡಬೇಕು. ಕರಣೆ ಒಳಗೆ ಹಿಡಿಯದ ಕಾರಣ ಬಿದಿರಿನ ಸೀಳನ್ನು ಕೆತ್ತಿಕೊಂಡು ಈ ಇಳಿಜಾರನ್ನು ತಿದ್ದಿದೆವು.

ಲಂಡನ್ ಹೊರವಲಯದ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ 241 ಚಿಮಣಿಗಳಿವೆ. ಹದಿನಾರನೆಯ ಶತಮಾನದ, ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ರೂಢಿಯ ಸುರುಳಿಗಳು, ಹರಳಿನಾಕಾರದ ಮೈಗಳು, ಕೆತ್ತಿದ ಮತ್ತು ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳು ಅವುಗಳ ವೈಭವ. ಅವುಗಳಲ್ಲಿ ಹಲವನ್ನು 19ನೆಯ ಶತಮಾನದಲ್ಲಿ ಹಳೆಯ ಮಾದರಿಯಂತೆ ಮತ್ತೆ ಕಟ್ಟಲಾಯಿತು. ನಮ್ಮ ತೋಟದ ಬಂಗಲೆಗಳ ಚಿಮಣಿಯಲ್ಲಿ ಅಷ್ಟೊಂದು ಕೆತ್ತನೆಯಿಲ್ಲ. ಆದರೂ ಮಾಮೂಲಿ ಇಟ್ಟಿಗೆಯನ್ನು ಓರೆಮಾಡಿ, ಚಾಚಿ, ಹಿಂದೆ ಸರಿಸಿ ನೆರಳು ಹುಟ್ಟಿಸಿರುವ ಕೈಚಳಕ ನನಗೆ ಹೆಚ್ಚು ಪ್ರಿಯ.

ತುದಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಗಿಡ್ಡ ಕಂಬ ಕಟ್ಟಿ ಕಲ್ಲಿನ ಚಪ್ಪಡಿ ಹೊದಿಸಿ, ಚಪ್ಪಡಿಯ ಅಡಿಯಲ್ಲಿ ಅಂಚಿನುದ್ದಕ್ಕೂ ನೀರು ತೊಟ್ಟಿಕ್ಕುವ ಕಾಲುವೆ ಕೊರೆಸಿದೆ. ಚಿಮಣಿ ಮತ್ತು ಮಂಗಳೂರು ಹೆಂಚು ಕೂಡುವ ಕಡೆಯಲ್ಲಿ ಸೀಸದ ತಗಡನ್ನು ಮೆಟ್ಟಿಲಾಗಿ ಕತ್ತರಿಸಿ ಸಂದಿನೊಳಗೆ ಸಿಕ್ಕಿಸಿದೆ. ಇಳಿಜಾರಿನ ಮೇಲ್ಗಡೆ ನೀರು ಚಿಮಣಿಗೆ ಬಡಿದು ನಿಲ್ಲದಂತೆ ಎರಡು ಪಕ್ಕಕ್ಕೆ ಹರಿಸುವ ಸಣ್ಣ ದಿಬ್ಬವನ್ನೂ ಮಾಡಿಸಿದೆ. ಸೋರಿಕೆಯ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೇ ಜಾಗದಲ್ಲಿ.

ಗಾರೆ ಪೂರ್ತಿ ಆರುವವರೆಗೆ ದೊಡ್ಡ ಬೆಂಕಿ ಹಾಕಬಾರದೆಂದು ಹೇಳಿ, ಮೊದಮೊದಲು ಪುರಲೆಯ ಸಣ್ಣ ಬೆಂಕಿಯನ್ನಷ್ಟೇ ಹಚ್ಚಿಸಿದೆ. ತೋಟದಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್‌ನ ಹಸಿ ಸೌದೆಯನ್ನು ಉರಿಸಿದರೆ ಹೊಗೆದಾರಿಯ ತಂಪು ಗೋಡೆಗೆ ಟಾರಿನಂಥ ಅಂಟು ಕೂರುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳಬಹುದು. ಆದ್ದರಿಂದ ಸೀಳಿ ಒಣಗಿಸಿದ ಸೌದೆಯನ್ನೇ ಬಳಸಬೇಕು, ಚಳಿಗಾಲದಲ್ಲಿ ಬೆಂಕಿ ಹಾಕಲು ಶುರುಮಾಡುವ ಮುನ್ನ ವರ್ಷಕ್ಕೊಮ್ಮೆ ಉದ್ದನೆಯ ಬಿದಿರಿಗೆ ಗಟ್ಟಿ ಕುಂಚ ಕಟ್ಟಿ ಮೇಲಿನಿಂದ ಕೆಳಕ್ಕೆ ಉಜ್ಜಿಸಬೇಕು ಎಂದು ಬಂಗಲೆ ನೋಡಿಕೊಳ್ಳುವವರಿಗೆ ಕೈಹಿಡಿದು ತೋರಿಸಿಕೊಟ್ಟು ಸಾರುವೆ ಬಿಚ್ಚಿಸಿದೆ.