ಫೋಟೋ ಎಳೀಬೇಡಿ, ಕತ್ತರಿಸಿ

ಪೋಸ್ಟರಿನಲ್ಲಿ ಬಿಟ್ಟಿರುವ ಜಾಗ ಅಗಲವಾಗಿದೆ, ಕೈಯಲ್ಲಿರುವ ಫೋಟೋಗೆ ಅಷ್ಟು ಅಗಲ ಇಲ್ಲ. ಆಗ ಎಷ್ಟೋ ಜನ ಕಂಪ್ಯೂಟರಿನಲ್ಲಿ ಫೋಟೋದ ಪಕ್ಕದ ಹ್ಯಾಂಡಲ್ (ಅಂಚಿನಲ್ಲಿ ಕಾಣುವ ಪುಟ್ಟ ಚೌಕ) ಹಿಡಿದು ಸುಮ್ನೆ ಎಳೆದುಬಿಡುತ್ತಾರೆ. ಜಾಗವೇನೋ ತುಂಬುತ್ತದೆ. ಆದರೆ ಫೋಟೋದಲ್ಲಿರುವವರ ಕೆನ್ನೆ ಊದಿಕೊಳ್ಳುತ್ತದೆ, ಕೈಗಡಿಯಾರ ಮೊಟ್ಟೆಯಾಗುತ್ತದೆ. ಯಾರಿಗೆ ಗೊತ್ತಾಗುತ್ತೆ ಅಂದುಕೊಳ್ಳಬೇಡಿ. ದಿನವಿಡೀ ಮುಖಗಳನ್ನೇ ನೋಡುವ ಕಣ್ಣು ನಮ್ಮದು. ಏನು ತಪ್ಪಾಗಿದೆ ಅಂತ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅಂತ ಅನಿಸಿಯೇ ಅನಿಸುತ್ತದೆ. ನಾನೂ ಶುರುವಿನಲ್ಲಿ ಒಂದು ದುಂಡು ಲೋಗೋವನ್ನು ಹೀಗೇ ಎಳೆದು ಬೈಸಿಕೊಂಡವನೇ.

ಮೊದಲು ಜಾಗದ ಅಳತೆ ನೋಡಿ, ಆಮೇಲೆ ಫೋಟೋದ್ದು. 4000×3000 ಪಿಕ್ಸೆಲ್ ಅಂದರೆ ಅಗಲ-ಎತ್ತರದ ಅನುಪಾತ 4:3. 35 ಎಂಎಂ ಫಿಲ್ಮಿನ ಚೌಕಟ್ಟು 36×24 ಮಿ.ಮೀ., ಅಂದರೆ 3:2. ಈಗಿನ ಟಿವಿ ಪರದೆ 16:9. ಒಂದು ಇನ್ನೊಂದರೊಳಗೆ ಸರಿಯಾಗಿ ಕೂರುವುದೇ ಇಲ್ಲ. (ಎ4 ಹಾಳೆಯನ್ನು ಎ3ಗೆ ದೊಡ್ಡದು ಮಾಡುವಾಗ ಮಾತ್ರ ಈ ತಲೆನೋವಿಲ್ಲ, ಎರಡರ ಅನುಪಾತವೂ ಒಂದೇ.)

ಈಗ ಮೂಲೆಯ ಹ್ಯಾಂಡಲ್ ಹಿಡಿದು, ಎರಡೂ ಕಡೆ ಜಾಗ ತುಂಬುವವರೆಗೆ ಅನುಪಾತ ಕೆಡದಂತೆ ದೊಡ್ಡದು ಮಾಡಿ. ಇಲ್ಲೊಂದು ಹಳ್ಳ ಇದೆ, ಹಳಬರು ಜಾಸ್ತಿ ಬೀಳುವುದು ಇಲ್ಲೇ: ಫೋಟೋಶಾಪ್‌ನಲ್ಲಿ ಮೊದಲೆಲ್ಲ ಶಿಫ್ಟ್ ಒತ್ತಿ ಎಳೆದರೆ ಅನುಪಾತ ಉಳಿಯುತ್ತಿತ್ತು, 2019ರ ಆವೃತ್ತಿಯಿಂದ ಅದು ತಿರುಗುಮುರುಗಾಗಿ, ಫೋಟೋಗಳ ಮಟ್ಟಿಗೆ ಶಿಫ್ಟ್ ಒತ್ತಿದರೇ ಕೆಡುತ್ತದೆ.

ಹೊರಗೆ ಉಳಿದದ್ದನ್ನು ಕತ್ತರಿಸಿ. 4000×3000 ಫೋಟೋವನ್ನು 16:9ಕ್ಕೆ ತರಬೇಕಾದರೆ 4000×2250 ಉಳಿಯುತ್ತದೆ, ಎತ್ತರದಲ್ಲಿ 750 ಪಿಕ್ಸೆಲ್ ಹೋಗುತ್ತದೆ. ಕಾಲು ಭಾಗ! ಅದನ್ನು ಮೇಲೆ ಅರ್ಧ, ಕೆಳಗೆ ಅರ್ಧ ಅಂತ ಹಂಚಿದರೆ ನಿಂತವರ ತಲೆ ಹೋಗಬಹುದು. ನೆಲದ ಕಡೆಯಿಂದಲೇ ತೆಗೆಯಿರಿ. ಆದರೂ ಕತ್ತರಿ ಮೊಣಕಾಲಿನ ಗಂಟಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಕಾಲೇ ಮುರಿದಂತೆ ಕಾಣುತ್ತದೆ.

ಕತ್ತರಿಸಲು ಜಾಗವೇ ಇಲ್ಲವಾ? ಫೋಟೋವನ್ನು ಹಾಗೇ ಇಟ್ಟು ಪಕ್ಕದಲ್ಲಿ ಹಿನ್ನೆಲೆಯ ಬಣ್ಣ ತುಂಬಿ, ಅಲ್ಲಿ ಅಕ್ಷರ ಕೂರಿಸಿ. ನನ್ನನ್ನು ಕೇಳಿದರೆ ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ.

ಕೈಗೆ ಬಂದ ಫೋಟೋವನ್ನೇ ಯಾರೋ ಮೊದಲೇ ಎಳೆದಿದ್ದರೆ? ಅದರಲ್ಲಿ ದುಂಡಗಿನ ವಸ್ತು ಹುಡುಕಿ: ಗೋಡೆ ಗಡಿಯಾರ, ಗಾಡಿಯ ಚಕ್ರ, ಏನಾದರೂ ಸರಿ. ಅಳೆದು ನೋಡಿ. ಚಕ್ರದ ಅಗಲ 300 ಪಿಕ್ಸೆಲ್, ಎತ್ತರ 360 ಇದ್ದರೆ ಫೋಟೋ ಮೇಲಕ್ಕೆ ಎಳೆದಿದೆ ಅಂತ ಅರ್ಥ. 300ನ್ನು 360ರಿಂದ ಭಾಗಿಸಿ, ಸುಮಾರು 0.833 ಬರುತ್ತದೆ. ಅನುಪಾತದ ಬೀಗ (ಅಗಲ-ಎತ್ತರ ಒಟ್ಟಿಗೇ ಬದಲಾಗುವಂತೆ ಹಿಡಿದಿಡುವ ಆಯ್ಕೆ) ತೆಗೆದು, ಇಡೀ ಫೋಟೋದ ಎತ್ತರವನ್ನಷ್ಟೇ ಶೇ 83.3ಕ್ಕೆ ಇಳಿಸಿ. ಅಗಲ ಮುಟ್ಟಬೇಡಿ. ಚಕ್ರ ದುಂಡಗಾಗುತ್ತದೆ, ಪಕ್ಕದಲ್ಲಿ ನಿಂತವರ ಮುಖವೂ ತನ್ನ ಆಕಾರಕ್ಕೆ ಬರುತ್ತದೆ. ಓರೆಯಾಗಿ ತಿರುಗಿರುವ ಚಕ್ರವನ್ನು ಮಾತ್ರ ನಂಬಬೇಡಿ, ಅದು ಎಳೆಯದ ಫೋಟೋದಲ್ಲೂ ಮೊಟ್ಟೆಯಾಗಿಯೇ ಇರುತ್ತದೆ.